ಪೋಲೆಂಡಿನ ಕೋತಿ, ಅರಬರ ಒಂಟೆ ಮತ್ತು ನಮ್ಮ ಸೋದರತ್ತೆ

ನಮ್ಮ ಸೋದರತ್ತೆ ಪಾಸ್‌ಪೋರ್ಟು ಮಾಡಿಸಿದವರಲ್ಲ. ಅವರ ಪ್ರಪಂಚ ಒಂದು ಕಡೆ ಗುಬ್ಬಿಗೆ, ಇನ್ನೊಂದು ಕಡೆ ಕುಣಿಗಲ್ಲಿಗೆ ಮುಗಿಯುತ್ತದೆ. ಆದರೂ ಪೋಲೆಂಡಿನವರ ಮನಸ್ಸಿನಲ್ಲಿ ಏನಿದೆ, ಅರಬರು ಯಾವುದಕ್ಕೆ ಹೆದರುತ್ತಾರೆ, ಜಪಾನಿನವರು ಬಿದ್ದರೆ ಏನು ಮಾಡುತ್ತಾರೆ ಎಂಬುದೆಲ್ಲ ಆಯಾ ದೇಶದವರಿಗಿಂತ ಅವರಿಗೇ ಚೆನ್ನಾಗಿ ಗೊತ್ತು. ಸರ್ಕಾರ ಸುಮ್ಮನೆ ದೇಶದೇಶಗಳಲ್ಲಿ ರಾಯಭಾರಿಗಳನ್ನು ಸಾಕುತ್ತಿದೆ. ತುಮಕೂರಿನ ಸದಾಶಿವನಗರಕ್ಕೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು!

ಸೋದರತ್ತೆ ಎಂದರೆ ನಮ್ಮಪ್ಪನ ಅಕ್ಕ. ಗಂಡನ ತಾಯಿ ಎಂದುಕೊಂಡೀರಿ, ಜೋಕೆ! ಅವರ ಬಗ್ಗೆ ಬರೆದು ಅದೇ ಮನೆಯಲ್ಲಿ ಊಟ ಮಾಡುವಷ್ಟು ಧೈರ್ಯ ನನಗಿಲ್ಲ. ಅತ್ತೆ ಗುಬ್ಬಿಯ ಶಾಲೆಯೊಂದರಲ್ಲಿ ಹೊಲಿಗೆ ಟೀಚರಾಗಿದ್ದವರು. ರಿಟೈರಾದ ಮೇಲೆ ಕೈಗೆ ಸೂಜಿಯ ಬದಲು ಸ್ಮಾರ್ಟ್‌ಫೋನು ಬಂತು. ದಿನಾ ಬೆಳಿಗ್ಗೆ ಅದರಲ್ಲೊಂದು ಗುಲಾಬಿ ಹೂವು, ಹೂವಿನ ಕೆಳಗೆ ಯಾವುದೋ ದೇಶದ ಗಾದೆ. ಬೇರೆಯವರಾದರೆ ಇಂಥದ್ದನ್ನು ನಾಲ್ಕು ಜನಕ್ಕೆ ಫಾರ್ವರ್ಡ್ ಮಾಡಿ ಮರೆಯುತ್ತಾರೆ. ಅತ್ತೆ ಹಾಗಲ್ಲ, ಜಾರಿಗೆ ತರುತ್ತಾರೆ!

ಮೊದಲು ಜಾರಿಗೆ ಬಂದದ್ದು ಅರಬರದು: ದೇವರನ್ನು ನಂಬು, ಆದರೆ ಒಂಟೆಯನ್ನು ಕಟ್ಟಿಹಾಕು. ಅವತ್ತು ಅತ್ತೆಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಗುಬ್ಬಿಯ ದೇವಸ್ಥಾನಕ್ಕೆ ಹೋಗಿದ್ದೆ. ಹ್ಯಾಂಡಲ್ ಲಾಕ್ ಮಾಡಿ ಹೊರಟರೆ, ಅತ್ತೆ ವ್ಯಾನಿಟಿ ಬ್ಯಾಗಿನಿಂದ ಮಾರುದ್ದದ ಕಬ್ಬಿಣದ ಚೈನು ತೆಗೆದರು.

"ಇದೇನತ್ತೆ?"

"ಒಂಟೆ ಕಟ್ಬೇಕು ಕಣೇ."

"ದೇವಸ್ಥಾನದ ಮುಂದೆ ಯಾರು ಕದೀತಾರೆ?"

"ದೇವ್ರು ನಿನ್ ಸ್ಕೂಟರ್ ಕಾಯೋಕೆ ಕೂತವ್ನಾ? ಅವನಿಗೆ ಬೇರೆ ಕೆಲ್ಸ ಇಲ್ವಾ?"

ಕರೆಂಟ್ ಕಂಬಕ್ಕೆ ಚೈನು ಸುತ್ತಿ ಬೀಗ ಜಡಿದದ್ದಾಯಿತು. ದರ್ಶನವೂ ಚೆನ್ನಾಗಾಯಿತು. ಆಚೆ ಬಂದು ನೋಡಿದರೆ ಬೀಗದ ಕೀ ಸದಾಶಿವನಗರದಲ್ಲಿ, ಟಿವಿ ಪಕ್ಕದಲ್ಲಿ, ಅತ್ಯಂತ ಭದ್ರವಾಗಿತ್ತು! ಕೊನೆಗೆ ವೆಲ್ಡಿಂಗ್ ಅಂಗಡಿಯವನು ಬಂದು ಒಂಟೆಗೆ ಬಿಡುಗಡೆ ಕೊಡಿಸಿದ. ನಾನು ಬಿಸಿಲಲ್ಲಿ ಬೆಂದು ನಿಂತಿದ್ದರೆ ಅತ್ತೆಯ ಮುಖದಲ್ಲಿ ವಿಜಯದ ಕಳೆ. "ನೋಡಿದ್ಯಾ? ವೆಲ್ಡಿಂಗ್‌ನೋನಿಗೇ ಇಷ್ಟು ಕಷ್ಟ ಆಯ್ತು. ಇನ್ನು ಕಳ್ಳನ ಗತಿ ಏನಾಗ್ತಿತ್ತು!"

ಗಾದೆಯ ಅರ್ಥ ಏನೆಂದು ಕೇಳುವುದಂತೂ ದಂಡ. ನಾನು ಶೆಟ್ಟಿಹಳ್ಳಿಯಲ್ಲಿ ಬಾಡಿಗೆ ಮನೆ ಬದಲಾಯಿಸಬೇಕೆಂದಾಗ, "ಉರುಳೋ ಕಲ್ಲಿಗೆ ಪಾಚಿ ಹಿಡಿಯಲ್ಲ ಕಣೇ, ಇದ್ದಲ್ಲೇ ಇರು" ಎಂದರು. ಸ್ವಲ್ಪ ದಿನಕ್ಕೇ ಕುಣಿಗಲ್ಲಿಗೆ ವರ್ಗವಾಗಿ ನಾನು ಹೋಗಲ್ಲ ಎಂದು ಅತ್ತಾಗಲೂ ಅದೇ ಕಲ್ಲು ಉರುಳಿ ಬಂತು. "ಉರುಳೋ ಕಲ್ಲಿಗೆ ಪಾಚಿ ಹಿಡಿಯಲ್ಲ. ಹೋಗ್ಬಾ!"

"ಅತ್ತೆ, ಪಾಚಿ ಒಳ್ಳೇದೋ ಕೆಟ್ಟದ್ದೋ? ಅದೊಂದು ಹೇಳಿಬಿಡಿ."

"ಅದು ಕಲ್ಲನ್ನ ನೋಡಿ ಹೇಳ್ಬೇಕು" ಎಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

ಮೀನಿನ ಗಾದೆಯಂತೂ ಮನೆತನದ ಮಾನವನ್ನೇ ನೀರಿಗೆ ಹಾಕಿತು. ಯಾರೋ ಮೊಟ್ಟೆ ಎಂದರೆ ನಾವು ಬಾಯಿ ಮುಕ್ಕಳಿಸುವ ಪೈಕಿ. ಅಂಥ ಮನೆಗೆ ಕುಣಿಗಲ್ಲಿನ ನೆಂಟರು, ಗಂಡಹೆಂಡತಿ ಇಬ್ಬರೂ, ಒಂದು ಮದುವೆಗೆಂದು ಬಂದರು. ಮದುವೆ ಮುಗಿಯಿತು, ಬೀಗರೂಟ ಮುಗಿಯಿತು, ಮದುಮಕ್ಕಳು ಊರು ಸುತ್ತಿ ವಾಪಸ್ಸೂ ಬಂದರು. ಇವರು ಮಾತ್ರ ಅಲ್ಲಾಡಲಿಲ್ಲ. ಒಂದು ಬೆಳಿಗ್ಗೆ ಅತ್ತೆ ಅವರ ತಟ್ಟೆಗೆ ಉಪ್ಪಿಟ್ಟು ಬಡಿಸುತ್ತಾ ಜೇನಿನಂಥ ದನಿಯಲ್ಲಿ ಹೇಳಿದರು: "ನೆಂಟ್ರೂ ಮೀನೂ ಮೂರು ದಿನಕ್ಕೆ ನಾರ್ತವಂತೆ. ಯೂರೋಪಿನ ಕಡೆ ಹೀಗೊಂದು ಮಾತದೆ."

ನೆಂಟರು ತಮ್ಮ ಬಗ್ಗೆ ಹೇಳಿದ್ದನ್ನು ಕೇಳಿಸಿಕೊಳ್ಳಲೇ ಇಲ್ಲ! ಕೇಳಿಸಿದ್ದು ಮೀನು ಮಾತ್ರ. ಹೆಂಡತಿ ಉಪ್ಪಿಟ್ಟಿನ ಚಮಚವನ್ನು ಮೂಸಿ ನೋಡಿ ಕೆಳಗಿಟ್ಟರು. ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಹೊರಟೇ ಹೋದರು. ಸಂಜೆಯೊಳಗೆ ಕುಣಿಗಲ್ಲಿಗೆಲ್ಲ ಸುದ್ದಿ: ಸದಾಶಿವನಗರದ ಟೀಚರಮ್ಮ ಫ್ರಿಜ್ಜಿನಲ್ಲಿ ಮೀನಿಡುತ್ತಾರೆ, ಅದೂ ಮೂರು ದಿನದ್ದು! ಮುಂದೆ ಮಠದಲ್ಲಿ ಪ್ರಸಾದಕ್ಕೆ ಕೂತಾಗ ಪಕ್ಕದ ಹೆಂಗಸು ಚಾಪೆ ಸಮೇತ ದೂರ ಸರಿದರು. ನಾನು ನಾಚಿಕೆಯಿಂದ ಕುಗ್ಗಿಹೋದೆ. ಅತ್ತೆಗೇನು? "ನೆಂಟ್ರು ಹೋದ್ರೋ ಇಲ್ವೋ? ಗಾದೆ ಕೆಲ್ಸ ಮಾಡ್ತು ತಾನೇ?"

ಹುತ್ರಿದುರ್ಗದ ಪಂಚಾಯ್ತಿಯಲ್ಲೂ ಹೀಗೇ. ಅಲ್ಲಿ ನಮ್ಮ ದೂರದ ಸಂಬಂಧದ ಅಣ್ಣತಮ್ಮಂದಿರಿಬ್ಬರು ಮನೆ ನಡುವಿನ ಒಂದು ಗೋಡೆಗಾಗಿ ವರ್ಷಗಟ್ಟಲೆ ಮಾತು ಬಿಟ್ಟಿದ್ದರು. ಹಿರಿಯರೆಂದು ಅತ್ತೆಯನ್ನು ಕರೆಸಿದರು, ಜೊತೆಗೆ ನಾನೂ ಹೋದೆ. ಅಣ್ಣ ಕೂಗಿದ, ತಮ್ಮ ಎದೆ ಬಡಿದುಕೊಂಡ, ಅತ್ತೆ ಎಲೆಯಡಿಕೆ ಅಗಿಯುತ್ತಾ ಎಲ್ಲ ಕೇಳಿದರು. ತೀರ್ಪು ಬರುತ್ತದೆಂದು ಊರೇ ಉಸಿರು ಬಿಗಿಹಿಡಿದಿತ್ತು. ಅತ್ತೆ ಎದ್ದು ಸೆರಗು ಕೊಡವಿ ಹೇಳಿದರು: "ಈ ಸರ್ಕಸ್ಸೂ ನಂದಲ್ಲ, ಈ ಕೋತಿಗಳೂ ನಂದಲ್ಲ. ಪೋಲೆಂಡಿನೋರ ಗಾದೆ. ನಡಿಯೇ, ಬಸ್ಸಿಗೆ ಹೊತ್ತಾಯ್ತು."

ಅಣ್ಣ ಕೆಂಪಾದ. "ಕೋತಿ ಅಂದಿದ್ದು ಯಾರ್ಗೆ?"

ತಮ್ಮ ಅಣ್ಣನ ಪಕ್ಕಕ್ಕೆ ಬಂದು ನಿಂತ. "ನಮ್ಮಣ್ಣನ್ನ ಕೋತಿ ಅನ್ನೋಕೆ ನೀವ್ಯಾರಮ್ಮ? ಬುಡಣ್ಣ, ಇವ್ರ ಹತ್ರ ಏನ್ ಮಾತು!"

ವರ್ಷಗಳ ಮೇಲೆ ಬಾಯಲ್ಲಿ ಬಂದ ಮೊದಲ 'ಅಣ್ಣ'! ಗೋಡೆಯ ಜಗಳ ಅಲ್ಲಿಗೇ ಮುಗಿಯಿತು. ಈಗ ಇಬ್ಬರೂ ಒಟ್ಟಿಗಿದ್ದಾರೆ, ಒಟ್ಟಿಗೇ ನಮ್ಮತ್ತೆಯ ಮೇಲೆ ಮುನಿಸಿಕೊಂಡು.

ಕಳೆದ ವರ್ಷ ನಮ್ಮ ನಗು ನಿಂತಿತು. ಅಪ್ಪನಿಗೆ ಸ್ಟ್ರೋಕ್ ಆಯಿತು. ಕೈಕಾಲು ಉಳಿದವು, ಮಾತು ಹೋಯಿತು. ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ಮಾತಾಡಿಸುತ್ತಾ ಇರಿ ಎಂದಿದ್ದರು ಡಾಕ್ಟರು. ಅಮ್ಮ ಲೋಟ ಹಿಡಿದು "ಇದೇನು ಹೇಳಿ" ಎಂದು ಬೇಡಿಕೊಳ್ಳುವರು, ಅಪ್ಪ ಗೋಡೆ ಕಡೆ ತಿರುಗುವರು. ತಮ್ಮ ಮನೆಯಲ್ಲೇ ಎಲ್ಲರೆದುರು ಮಗುವಾಗುವುದು ಅವರಿಗೆ ಸಾಕಾಗಿತ್ತು.

ಅತ್ತೆ ಬಂದು ಮಂಚದ ಅಂಚಿನಲ್ಲಿ ಕೂತಾಗ ನನಗೆ ಭಯ. ಭಯ ಸುಳ್ಳಾಗಲಿಲ್ಲ. "ಏಳು ಸಲ ಬಿದ್ರೆ ಎಂಟು ಸಲ ಏಳ್ಬೇಕಂತೆ ಕಣ್ಲಾ. ಜಪಾನಿನೋರು..." ಅಪ್ಪ ಕಣ್ಣು ಮುಚ್ಚಿಬಿಟ್ಟರು. ಅತ್ತೆ ಅರ್ಧಕ್ಕೇ ನಿಲ್ಲಿಸಿದರು. ತಮ್ಮನ ಕೈ ತಮ್ಮ ಮಡಿಲಿಗೆ ಎಳೆದುಕೊಂಡು ಸುಮ್ಮನೆ ಸವರುತ್ತಾ ಕೂತರು. ಆಮೇಲೆ, ನಾನೆಂದೂ ಅವರ ಬಾಯಲ್ಲಿ ಕೇಳಿರದ ಸಣ್ಣ ದನಿಯಲ್ಲಿ, "ಕೈ ಕೆಸರಾದ್ರೆ..." ಎಂದರು.

ಅಪ್ಪ ಕಣ್ಣು ತೆರೆದರು.

"ಕೈ ಕೆಸರಾದ್ರೆ... ಅವ್ವ ಏನಂತಿದ್ಲು, ಹೇಳ್ಲಾ."

ಅಪ್ಪನ ತುಟಿ ಅದುರಿತು. "ಬಾಯ್... ಮೊಸ್ರು."

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಕುಸಿದು ಕೂತರು. ಬಾಯಿಪಾಠವಾದ ಮಾತು ಕೆಲವರಲ್ಲಿ ಹೀಗೆ ಉಳಿದಿರುತ್ತದೆ ಎಂದು ಡಾಕ್ಟರು ಆಮೇಲೆ ವಿವರಿಸಿದರು. ಅತ್ತೆಗೆ ಅದೆಲ್ಲ ಬೇಕಿರಲಿಲ್ಲ. ಮರುದಿನದಿಂದ ಸಿಟಿ ಬಸ್ಸು ಹಿಡಿದು ಬೆಳಿಗ್ಗೆಯೇ ಹಾಜರ್. ಬಾಗಿಲಲ್ಲೇ ಶುರು: "ಹಾಸಿಗೆ ಇದ್ದಷ್ಟು..." ಒಳಗಿನಿಂದ ನಿಧಾನವಾಗಿ, "ಕಾಲು... ಚಾಚು." ಗಾದೆಗಳ ಬಾಲ ಹಿಡಿದು ಬೇರೆ ಮಾತುಗಳೂ ಬಂದವು. ಮೊದಲು 'ಕಾಫಿ', ಆಮೇಲೆ 'ಸಾಕು', ಒಂದು ದಿನ ನನ್ನ ಹೆಸರು.

ಮೊನ್ನೆ ಬೆಳಿಗ್ಗೆ ಅತ್ತೆ ಹೊಸಿಲ ಬಳಿ ಚಪ್ಪಲಿ ಬಿಡುತ್ತಿದ್ದರು. ಅವರು ಬಾಯಿ ತೆರೆಯುವ ಮೊದಲೇ ಕುರ್ಚಿಯಲ್ಲಿದ್ದ ಅಪ್ಪ, ತಾವಾಗಿಯೇ, "ಮಾತು... ಬೆಳ್ಳಿ..." ಎಂದು ನಿಲ್ಲಿಸಿದರು. ಕಣ್ಣಲ್ಲಿ ತುಂಟತನ. ಉಳಿದರ್ಧ ಅಕ್ಕನೇ ಹೇಳಲಿ ಎಂದು ಕಾಯುತ್ತಿದ್ದರು.

ಊರಿಗೆಲ್ಲ ಗೊತ್ತಿರುವ ಆ ಅರ್ಧ ಅತ್ತೆಯ ಬಾಯಿಂದ ಹೊರಡಲಿಲ್ಲ. ಒಂದು ಕಾಲಿನ ಚಪ್ಪಲಿ ಬಿಡದೆಯೇ ಒಳಗೆ ಬಂದು ತಮ್ಮನ ತಲೆಗೆ ಮೆಲ್ಲಗೆ ಮೊಟಕಿದರು, ಸೆರಗಿನಿಂದ ಕಣ್ಣೊರೆಸಿಕೊಂಡರು.

"ಹೋಗ್ಲಾ! ಆ ಬಂಗಾರ ಯಾರಿಗ್ ಬೇಕು? ನಂಗೆ ಬೆಳ್ಳೀನೇ ಇರ್ಲಿ. ನೀನ್ ಮಾತಾಡು."