ಹಗ್ಗಕ್ಕಾಗಿ ಕಲಿತ ತಮಿಳು

ಯಾರು ಏನಾದರೂ ಅಂದುಕೊಳ್ಳಲಿ, ನನ್ನ ಮಡಿ ಪಂಚೆ ಮುಟ್ಟಿದವನನ್ನು ನಾನು ಸುಮ್ಮನೆ ಬಿಡುವವನಲ್ಲ. ಮುಟ್ಟಿದ್ದಷ್ಟೇ ಅಲ್ಲ ಸ್ವಾಮಿ, ನೀಟಾಗಿ ಮಡಿಚಿ ವಾಚ್‌ಮನ್ನನ ಕುರ್ಚಿಯ ಮೇಲೆ ಇಟ್ಟಿದ್ದ!

ರಾಯಚೂರಿನಲ್ಲಿ ಜೀವಮಾನವಿಡೀ ಗಣಿತ ಕಲಿಸಿ, ಎರಡು ವರ್ಷದ ಕೆಳಗೆ ಮಗನ ಜೊತೆ ಇರಲು ಚೆನ್ನೈನ ಪೋರೂರಿಗೆ ಬಂದ ಈ ಪಂಢರಿನಾಥನಿಗೆ ಇಲ್ಲಿ ಸ್ವಂತದ್ದು ಅಂತ ಇದ್ದದ್ದು ಟೆರೇಸಿನ ಒಂದು ಹಗ್ಗ ಮಾತ್ರ. ಯಾರೂ ಏಳುವ ಮೊದಲೇ ಹಿಂಡಿದ ಪಂಚೆಯನ್ನು ಕೋಲಿನಿಂದ ಅದಕ್ಕೇರಿಸಿ, ಒಣಗಿದ ಮೇಲೆ ನಾನೇ ಇಳಿಸಿ, ಅದನ್ನುಟ್ಟು ಪೂಜೆಗೆ ಕೂಡುತ್ತೇನೆ. ನಡುವೆ ಇನ್ನೊಬ್ಬರ ಬೆರಳಾಗಲಿ ಬಟ್ಟೆಯಾಗಲಿ ತಾಗಿದರೆ ಮುಗಿಯಿತು. ನಮ್ಮ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ, ಪೊದೆ ಮೀಸೆಯ ಆ ಮಹಾನುಭಾವ, ಕಟ್ಟಡದ ಅಂದ ಕೆಡುತ್ತದೆಂದು ಪಂಚೆ ಇಳಿಸಿ ಆ ಹಗ್ಗವನ್ನೇ ಕತ್ತರಿಸಿದ.

ಭಾನುವಾರ ಸಂಘದ ಸಭೆ. ಅಲ್ಲೇ ಇವನ ಜನ್ಮ ಜಾಲಾಡುತ್ತೇನೆ ಅಂದೆ.

"ನಾನೇ ಮಾತಾಡ್ತೀನಿ ಬಿಡ್ರಿ. ನಿಮಗ ತಮಿಳ ಎಲ್ಲಿ ಬರ್ತದ?" ಅಂದಳು ನನ್ನ ಹೆಂಡತಿ ಜಯಲಕ್ಷ್ಮೀ.

ಮೈಯೆಲ್ಲ ಉರಿಯಿತು. ತಲೆಯ ಮೇಲಿನ ಕನ್ನಡಕವನ್ನು ಮನೆಯೆಲ್ಲ ಹುಡುಕುವವಳು, ಹಾಲು ಒಲೆಯ ಮೇಲಿಟ್ಟು ಮರೆತು ಕೂಡುವವಳು, ಕೋಯಂಬೇಡು ಮಾರುಕಟ್ಟೆಯ ತರಕಾರಿ ಚೌಕಾಸಿ ಮತ್ತು ಸಂಜೆ ಏಳೂವರೆಯ ತಮಿಳು ಧಾರಾವಾಹಿ ಇವೆರಡರ ಬಲದಿಂದ ಪಂಡಿತೆಯಾಗಿ ನನಗೆ ಹೇಳಲು ಬಂದಳು! (ಆ ಧಾರಾವಾಹಿಯಲ್ಲಿ ಒಬ್ಬ ಅತ್ತೆ ಸೊಸೆಯನ್ನು ಬೈಯುವುದು ಬಿಟ್ಟರೆ ಬೇರೆ ಕೆಲಸ ಮಾಡಿದವಳಲ್ಲ. ನಾನು ನೋಡುವುದಿಲ್ಲ ಅನ್ನಿ. ಅದೇ ಕೋಣೆಯ ಮೂಲೆಯಲ್ಲಿ ಕೂತು ಸುಡೊಕು ಬಿಡಿಸುತ್ತಿರುತ್ತೇನೆ.)

"ಭಾಷಾ ಅಂದ್ರ ಏನ? ನೆನಪು, ಲಕ್ಷ್ಯ, ತರ್ಕ. ಮೂರೂ ನನ್ನ ಕಡೆ ಅವ. ಸುಡೊಕು ಬಿಡಸೂ ತಲಿಗೆ ತಮಿಳು ಯಾವ ಲೆಕ್ಕ?"

"ಹಂಗಿದ್ರ ಎರಡು ವರ್ಷದಾಗ ಯಾಕ ಬರಲಿಲ್ಲ?"

"ನಾ ಲಕ್ಷ್ಯ ಕೊಟ್ಟಿಲ್ಲ, ಅದಕ್ಕ!"

ಸೊಸೆ ಸಂಹಿತಾ ಇಲ್ಲೇ ಹುಟ್ಟಿ ಬೆಳೆದವಳು, ಆಸ್ಪತ್ರೆಯಲ್ಲಿ ಮಾತು ನಿಂತುಹೋದವರಿಗೆ ಮಾತು ಕಲಿಸುವವಳು. ತೀರ್ಪಿಗಾಗಿ ಅವಳ ಕಡೆ ತಿರುಗಿದೆ.

"ಅಪ್ಪಡಿ, ಹಾಗೆಲ್ಲ ಹೇಳೋಕ್ಕಾಗಲ್ಲ ಮಾವ. ಭಾಷೆಗೆ ತಲೆಯಲ್ಲಿ ಬೇರೆ ರೂಮೇ ಇದೆ ಅಂತಾರೆ ಕೆಲವರು. ಇಲ್ಲ, ಎಲ್ಲಾ ಕೆಲಸಕ್ಕೂ ಬರೋ ನೆನಪು, ಗಮನನೇ ಇದಕ್ಕೂ ಸಾಕು ಅಂತಾರೆ ಇನ್ನು ಕೆಲವರು. ಜಗಳ ಮುಗಿದಿಲ್ಲ. ನಮಗೇ ಗೊತ್ತಿಲ್ದೆ ಕಿವಿಗೆ ಬಿದ್ದು ಕಲಿಯೋದೂ ಉಂಟು."

"ಗೊತ್ತಿಲ್ದ ಕಲಿಯೋದಂತ! ನಿದ್ದಿಯೊಳಗ ಗಣಿತ ಬರ್ತದೇನು?" ಎಂದು ಗುಡುಗಿದೆ. ಅವಳು ನಕ್ಕು ಒಳಗೆ ಹೋದಳು. ಆ ನಗು ಇನ್ನೂ ಉರಿಸಿತು.

ಇಂಗ್ಲಿಷಿನಲ್ಲಿ ಮಾತಾಡಬಹುದಿತ್ತು. ಆದರೆ ಕಳೆದ ಸಭೆಯಲ್ಲಿ ನೀರಿನ ಬಗ್ಗೆ ಇಂಗ್ಲಿಷಿನಲ್ಲಿ ಅಮೋಘ ಭಾಷಣ ಮಾಡಿದಾಗ ಎಲ್ಲರೂ ಫೋನ್ ಒತ್ತುತ್ತ ಕೂತಿದ್ದರು. ಈ ಸಲ ಅಚ್ಚ ತಮಿಳೇ ಆಗಬೇಕು. ಮಗನಿಂದ ಭಾಷಣ ಬರೆಸಿಕೊಂಡು ವಾರವಿಡೀ ಸೂತ್ರ ಕಲಿತ ಹಾಗೆ ಬಾಯಿಪಾಠ ಮಾಡಿದೆ.

ಭಾನುವಾರ ಎದ್ದು ನಿಂತು "ವಣಕ್ಕಂ" ಅಂದೆ. ಮುಂದಿನದು ಮಾಯ! ನೆನಪು, ಲಕ್ಷ್ಯ, ತರ್ಕ ಮೂವರೂ ಕೈಹಿಡಿದುಕೊಂಡು ಎದ್ದುಹೋದರು. ಕಾರ್ಯದರ್ಶಿ ಗಡಿಯಾರ ನೋಡಿ, "ಬಾಲ್ಕನಿಲ ಕಾಯ ಪೋಡುಂಗ ಸಾರ್" ಅಂದ. ಬಾಲ್ಕನಿಯಲ್ಲಿ ಒಣಹಾಕಿರಿ ಅಂತ. ಪಾರಿವಾಳಗಳು ಸಂಸಾರ ಹೂಡಿರುವ ಆ ಬಾಲ್ಕನಿಯಲ್ಲಿ, ನನ್ನ ಮಡಿ ಪಂಚೆ!

ರಕ್ತ ತಲೆಗೇರಿತು. ಬಾಯಿ ತೆರೆದದ್ದಷ್ಟೇ ನನಗೆ ಗೊತ್ತು.

"ನಾನ್ ಉಯಿರೋಡ ಇರುಕ್ಕುಂ ವರೈಕ್ಕುಂ ಅದು ನಡಕ್ಕಾದು! ಇಂದ ವೀಟ್ಟುಕ್ಕು ವಾಳ ವಂದವ ನೀ, ಎನ್ನೆಯೇ ಎದುತ್ತು ಪೇಸುರಿಯಾ?"

ಅಂದರೆ, ನಾನು ಜೀವಂತ ಇರುವವರೆಗೂ ಅದು ನಡೆಯದು. ಈ ಮನೆಗೆ ಬಾಳಲು ಬಂದವಳು ನೀನು, ನನಗೇ ಎದುರು ಮಾತಾಡ್ತೀಯಾ? ಇದನ್ನು ನಾನು ಹೇಳಿದ್ದು ಆ ಪೊದೆ ಮೀಸೆಗೆ. ಅಲ್ಲಿಗೂ ನಿಲ್ಲಲಿಲ್ಲ. ಅವನ ತವರಿನವರನ್ನು ಹೀಯಾಳಿಸಿದೆ, ಒಡವೆಗಳ ಪ್ರಸ್ತಾಪ ಮಾಡಿದೆ, ಕೊನೆಗೆ ಶಲ್ಯದ ತುದಿಯಿಂದ ಕಣ್ಣೊರೆಸಿಕೊಂಡೆ. ಒಂದು ವಿಭಕ್ತಿಯೂ ತಪ್ಪಲಿಲ್ಲ.

ಹೆಂಗಸರ ಸಾಲು ಎದ್ದು ನಿಂತು ಚಪ್ಪಾಳೆ ತಟ್ಟಿತು. ಮೀಸೆ ನಡುಗಿತು. ಹಗ್ಗ ಅಲ್ಲೇ ಮಂಜೂರಾಯಿತು.

"ನೋಡಿದೆಯಾ, ತಲಿ ಅಂದ್ರ ಇದು!" ಅಂದೆ ಮೆಟ್ಟಿಲ ಬಳಿ.

ಜಯಲಕ್ಷ್ಮೀ ನಕ್ಕೂ ನಕ್ಕೂ ಗೋಡೆ ಹಿಡಿದಿದ್ದಳು. "ಅಯ್ಯ, ಅದು ನಮ್ಮ ಧಾರಾವಾಹಿ ಅತ್ತಿ ಮಾತ್ರೀ! ಹೋದ ಶುಕ್ರವಾರದ್ದು! ಎಲ್ಲಾರಿಗೂ ಗೊತ್ತಾತು!"

ಅಂದಿನಿಂದ ಇಡೀ ಕಟ್ಟಡಕ್ಕೆ ನಾನು "ಮಾಮಿಯಾರ್ ಸಾರ್". ಅತ್ತೆ ಸಾರ್! ವಾಚ್‌ಮನ್ ಕೂಡ ಹಾಗೇ ಅನ್ನುತ್ತಾನೆ. ಹೋಗಲಿ, ಹಗ್ಗ ಬಂತಲ್ಲ ಎಂದು ನುಂಗಿಕೊಂಡೆ.

ಮರುದಿನ ಬೆಳಕು ಹರಿಯುವ ಮುನ್ನ ಒದ್ದೆ ಪಂಚೆ, ಕೋಲು ಹಿಡಿದು ಟೆರೇಸಿಗೆ ಹೋದೆ. ಹೊಸ ಹಗ್ಗ ಈ ತುದಿಯಿಂದ ಆ ತುದಿಗೆ ತುಂಬಿತ್ತು: ನೈಟಿ, ದಿಂಬಿನ ಚೀಲ, ಮಕ್ಕಳ ಚಡ್ಡಿ. ಬೆರಳಗಲ ಜಾಗವಿಲ್ಲ.

"ನೀಂಗದಾನೇ ವಾಂಗಿ ಕುಡುತ್ತೀಂಗ, ಮಾಮಿಯಾರ್ ಸಾರ್!" ನೀವೇ ಅಲ್ವಾ ಕೊಡಿಸಿದ್ದು, ಎಂದು ಎರಡನೇ ಮಹಡಿಯಾಕೆ ಕೈಮುಗಿದಳು.

ಸಿಟ್ಟು ಬಂತು. ಬಾಯಿ ತೆರೆದೆ. ಏನೂ ಬರಲಿಲ್ಲ. ಅಂಥ ಸಂದರ್ಭ ಧಾರಾವಾಹಿಯಲ್ಲಿ ಇನ್ನೂ ಬಂದಿರಲಿಲ್ಲ.

ಕೆಳಗೆ ಬಂದು ಪಾರಿವಾಳಗಳನ್ನು ಓಡಿಸಿ ಬಾಲ್ಕನಿಯಲ್ಲೇ ಪಂಚೆ ಹರವಿದೆ.

"ಆ ಸೆಕ್ರೆಟರಿನೂ ಇದನ್ನ ಹೇಳಿದ್ನಲ್ರೀ?" ಅಂದಳು ಜಯಲಕ್ಷ್ಮೀ.

ಸಂಜೆ ಏಳೂವರೆಗೆ ನಾನೇ ಟೀವಿ ಹಚ್ಚಿ, ಸುಡೊಕು ಬದಿಗಿಟ್ಟು, ಪೂರ್ತಿ ಲಕ್ಷ್ಯ ಕೊಟ್ಟು ಕೂತೆ. ಆ ಹಾಳು ಅತ್ತೆ ಒಂದು ದಿನವಾದರೂ ಬಟ್ಟೆ ಒಣಹಾಕಬಾರದೇ!