ಮಾಡು ಸೋರದ ಶಾಲೆ

ಹೊಸನಗರ ತಾಲ್ಲೂಕು ನೇರಲಸರ ಗ್ರಾಮದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಮಾಡು ಸೋರುತ್ತಿಲ್ಲವೆಂಬ ಗಂಭೀರ ಲೋಪವು ಕಳೆದ ಜನವರಿ ಇಪ್ಪತ್ತೊಂಬತ್ತರಂದು ಬೆಳಿಗ್ಗೆ ಹನ್ನೊಂದೂಕಾಲು ಗಂಟೆಗೆ ಪತ್ತೆಯಾಯಿತು.

ಪತ್ತೆ ಮಾಡಿದವರು ಕಿರಿಯ ಎಂಜಿನಿಯರ್ ವೆಂಕಟ್ರಮಣ. ಲೋಪ ಎಸಗಿದವನು ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ಮಾಸ್ತಪ್ಪ. ಅವನೇನೂ ಬೇಕೆಂದು ಮಾಡಿದ್ದಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕುಗಳ ಹಳೆಯ ಶಾಲೆಗಳನ್ನು ಸರಿಪಡಿಸಲು 'ಶಿಥಿಲ ಶಾಲಾ ಪುನಶ್ಚೇತನ ಅಭಿಯಾನ' ಎಂಬುದೊಂದು ಹುಟ್ಟಿಕೊಂಡಿದೆ, ಅದರ ಎಂಜಿನಿಯರರು ಶಾಲೆ ನೋಡಲು ಬರುತ್ತಾರೆ ಎಂದು ತನುಜಾ ಟೀಚರ್ ಹೇಳಿದಾಗ, ಮನೆಗೆ ನೆಂಟರು ಬರುತ್ತಾರೆಂದರೆ ಎಲ್ಲರೂ ಮಾಡುವುದನ್ನೇ ಅವನೂ ಮಾಡಿದ. ಪ್ರತಿ ವರ್ಷ ಮೇ ತಿಂಗಳಲ್ಲಿ ಮಾಡುವ ಕೆಲಸವನ್ನು ಈ ಸಲ ಜನವರಿಯಲ್ಲೇ ಮುಗಿಸಿದ. ಮಾಡು ಹತ್ತಿ, ಹಂಚನ್ನು ಒಂದೊಂದಾಗಿ ಎತ್ತಿ, ಹಾವಸೆ ಕೆರೆದು, ಒಡೆದದ್ದನ್ನು ಬದಲಿಸಿ, ಮತ್ತೆ ಸಾಲಾಗಿ ಕೂರಿಸಿದ. ಅವನ ಅಪ್ಪನೂ ಇದೇ ಮಾಡಿಗೆ ಇದನ್ನೇ ಮಾಡುತ್ತಿದ್ದ. ಬಂದವರು ನೋಡಿ ಭೇಷ್ ಅನ್ನಲಿ ಎಂದು ಗೋಡೆಗೆ ಸುಣ್ಣವನ್ನೂ ಬಳಿಸಿದ.

ವೆಂಕಟ್ರಮಣ ಪಂಚಾಯಿತಿಯ ಟ್ಯಾಂಕರಿನಿಂದ ಪೈಪು ಎಳೆಸಿ ಅರ್ಧ ಗಂಟೆ ಮಾಡಿನ ಮೇಲೆ ನೀರು ಬಿಡಿಸಿದರು. ಇಪ್ಪತ್ಮೂರು ಮಕ್ಕಳೂ ಜಗಲಿಯಲ್ಲಿ ನಿಂತು ನೋಡಿದರು. ಒಳಗೆ ಒಂದು ಹನಿ ಬೀಳಲಿಲ್ಲ. ಎಂಜಿನಿಯರರ ಮುಖ ಬಾಡಿತು.

"ಎಂಥ ಮಾಡಿಟ್ರಿ ಮಾಸ್ತಪ್ನೋರೆ ಇದು? ಅನುದಾನ ಬರ್ಬೇಕಾದ್ರೆ ಕನಿಷ್ಠ ಹನ್ನೊಂದು ಕಡೆ ಸೋರ್ಬೇಕು. ನಾನೀಗ ಎಂತ ಬರ್ಕೊಳ್ಲಿ?"

"ಸೋರೂದಕ್ಕಲ್ಲ ಸಾರ್ ನಮ್ಮ ತಕರಾರು," ಎಂದ ಮಾಸ್ತಪ್ಪ. ಒಳಗೆ ಕರೆದುಕೊಂಡು ಹೋಗಿ, ಬೆಂಚಿನ ಮೇಲೆ ನಿಂತು, ನಡುವಿನ ತೊಲೆಗೆ ಕತ್ತಿಯ ಹಿಡಿಯಿಂದ ಕುಟ್ಟಿದ. ಮರ ಡಬ್ ಡಬ್ ಎಂದಿತು. "ನೋಡಿ, ಒಳಗೆ ಪೂರಾ ಗೆದ್ದಲು. ಬರೀ ಹೊರಗಿನ ಚಕ್ಕೆ ನಿಂತಿದ್ದು. ಹಂಚು ನಾನು ಕೂರಿಸ್ತೀನಿ, ಊರ ಕೆಲಸ. ತೊಲೆ ಬದಲಿಸೂದು ನಮ್ಮ ಕೈಲಾಗೂದಲ್ಲ. ಆಷಾಢದಲ್ಲಿ ಹಂಚು ನೀರು ಕುಡ್ದು ಭಾರ ಆದ್ರೆ ಇದು ತಡೆಯೂದಿಲ್ಲ ಸಾರ್."

ತೊಲೆಯ ನೇರ ಕೆಳಗೆ ಮಕ್ಕಳ ಎರಡನೇ ಸಾಲು. ಅದರಲ್ಲಿ ಎಡದಿಂದ ಮೂರನೆಯವಳು ಅವನ ಮಗಳು ಶ್ರಾವ್ಯಾ. ಇದನ್ನು ಅವನು ಎಂಜಿನಿಯರರಿಗೆ ಹೇಳಲಿಲ್ಲ. ಮೊದಲ ಸಲ ತೊಲೆ ಕುಟ್ಟಿ ನೋಡಿದ ದಿನದಿಂದ ಅವನಿಗೆ ಸರಿಯಾಗಿ ಅನ್ನ ಸೇರುತ್ತಿರಲಿಲ್ಲ.

ವೆಂಕಟ್ರಮಣ ಕೆಟ್ಟವರಲ್ಲ. ನಮೂನೆಯ ಹಾಳೆಗಳನ್ನು ಮೂರು ಸಲ ಹಿಂದೆ ಮುಂದೆ ತಿರುವಿ ನೋಡಿದರು. "ತೊಲೆಗೆ ಕಾಲಂ ಇಲ್ಲ," ಎಂದು ನಿಜವಾದ ದುಃಖದಿಂದ ಹೇಳಿದರು. "ಸೋರಿಕೆಗೆ ಉಂಟು, ಬಣ್ಣಕ್ಕೆ ಉಂಟು, ಸ್ವಾಗತ ಕಮಾನಿಗೆ ಉಂಟು. ತೊಲೆಗಿಲ್ಲ."

ಹನ್ನೆರಡನೆಯ ದಿನಕ್ಕೆ ಸಾಗರದಲ್ಲಿದ್ದ ಅಭಿಯಾನ ಕೋಶದಿಂದ ಮಾಸ್ತಪ್ಪನಿಗೆ ನೋಟಿಸು ಬಂತು. 'ಸದರಿ ಶಾಲೆಯು ಸುಮಾರು ಅರವತ್ತೆಂಟು ವರ್ಷಗಳಿಂದ ಕ್ರಮಬದ್ಧವಾಗಿ ಗಳಿಸಿಕೊಂಡು ಬಂದಿದ್ದ ಶಿಥಿಲತೆಯನ್ನು ತಾವು ಯಾವುದೇ ಪೂರ್ವಾನುಮತಿ ಇಲ್ಲದೆ ಹಾಳುಗೆಡವಿರುತ್ತೀರಿ. ತಮ್ಮ ಮೇಲೆ ಏಕೆ ಕ್ರಮ ಜರುಗಿಸಬಾರದು ಎಂಬುದಕ್ಕೆ ಏಳು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು. ತಪ್ಪಿದಲ್ಲಿ, ಸದರಿ ಶಾಲೆಯನ್ನು ಸುಸ್ಥಿತಿಯಲ್ಲಿದೆ ಎಂದು ಘೋಷಿಸಿ ಶಾಶ್ವತವಾಗಿ ಪಟ್ಟಿಯಿಂದ ಕೈಬಿಡಲಾಗುವುದು.'

ಸಮಜಾಯಿಷಿಯನ್ನು ತನುಜಾ ಟೀಚರೇ ಬರೆದುಕೊಟ್ಟರು. ಅಧ್ಯಕ್ಷರು ಹೆಚ್ಚು ಓದಿದವರಲ್ಲ, ಮಾಡು ಸೋರಬಾರದೆಂಬುದು ಅವರ ಮನೆತನದಲ್ಲಿ ಬಂದ ತಪ್ಪು ತಿಳಿವಳಿಕೆ, ಆಗಿರುವ ನಷ್ಟವನ್ನು ಕೂಡಲೇ ಭರ್ತಿ ಮಾಡಿಕೊಡುತ್ತಾರೆ ಎಂದು ಅದರಲ್ಲಿತ್ತು. ಮಾಸ್ತಪ್ಪ ರುಜು ಹಾಕಿದ. ಮರುದಿನ ಏಣಿ ತಂದು, ತಾನೇ ಕೂರಿಸಿದ ಹಂಚುಗಳಲ್ಲಿ ಹನ್ನೊಂದನ್ನು ತಾನೇ ಕಿತ್ತ. ಕೈ ಮಾತ್ರ ಒಪ್ಪಲಿಲ್ಲ. ಪ್ರತಿಯೊಂದು ಹಂಚನ್ನೂ ಒಡೆಯದ ಹಾಗೆ ಇಳಿಸಿ ಗೋಡೆಗೆ ಒರಗಿಸಿಟ್ಟ.

ಅಲ್ಲೇ ಎಡವಟ್ಟಾಯಿತು. ಎರಡನೇ ಸಲ ಬಂದ ವೆಂಕಟ್ರಮಣ ಗೋಡೆಗೆ ಒರಗಿದ ಹಂಚುಗಳನ್ನು ನೋಡಿ ಹಣೆ ಹಣೆ ಬಡಿದುಕೊಂಡರು.

"ಇದು ಮಾನವ ನಿರ್ಮಿತ ಶಿಥಿಲತೆ ಆಯ್ತಲ್ಲ ಮಾರಾಯ್ರೆ! ನಿಯಮ ಏಳು ನೋಡಿ. ಶಿಥಿಲತೆ ಅಂದ್ರೆ ಮಳೆಯಿಂದ ಆಗ್ಬೇಕು, ಗಾಳಿಯಿಂದ ಆಗ್ಬೇಕು, ಇಲ್ಲಾಂದ್ರೆ ಪ್ರಾಣಿಗಳಿಂದ ಆಗ್ಬೇಕು."

"ಫೆಬ್ರವರೀಲಿ ಮಳೆ ಎಲ್ಲಿಂದ ತರ್ಲಿ ಸಾರ್?"

"ಮಳೆ ನಿಮ್ಮ ಕೈಲಿಲ್ಲ. ಮಂಗ ಇದೆಯಲ್ಲ?"

ನೇರಲಸರದಲ್ಲಿ ಮಂಗಗಳಿಗೆ ಬರವಿಲ್ಲ. ಊರಿನವರ ಅರ್ಧ ಆಯುಷ್ಯ ಅವುಗಳನ್ನು ಓಡಿಸುವುದರಲ್ಲೇ ಕಳೆಯುತ್ತದೆ. ಹಂಚು ಮಗುಚುವುದು ಅವುಗಳ ನಿತ್ಯದ ಕೆಲಸ, ಯಾರೂ ಕರೆಯಬೇಕಾಗಿಲ್ಲ. ಆದರೆ ಸಮಿತಿಯು ಸಭೆ ಸೇರಿ, 'ಮಾನ್ಯ ಮಂಗಗಳನ್ನು ಶಾಲೆಯ ಮಾಡಿಗೆ ಬರಮಾಡಿಕೊಳ್ಳುವ ಬಗ್ಗೆ' ಸರ್ವಾನುಮತದಿಂದ ಠರಾವು ಮಾಡಿ, ಕಿತ್ತ ಹಂಚುಗಳನ್ನು ಮತ್ತೆ ಕೂರಿಸಿ, ಮಾಡಿನ ಮೇಲೆ ಎರಡು ಗೊನೆ ಬಾಳೆಹಣ್ಣು ಇಟ್ಟಿದ್ದೇ ತಡ, ಮಂಗಗಳ ನಡತೆಯೇ ಬದಲಾಯಿತು. ಸಾಲಾಗಿ ಬಂದವು. ಹಂಚಿಗೆ ಪೆಟ್ಟಾಗದ ಹಾಗೆ ಕುಳಿತವು. ಹಣ್ಣು ಸುಲಿದು ತಿಂದು, ಸಿಪ್ಪೆಯನ್ನು ಅಂಗಳಕ್ಕೆ ಹಾಕಿ ಹೋದವು. ಹೋಗುವಾಗ ಮಾಸ್ತಪ್ಪನ ಮನೆಯ ಅಡುಗೆಕೋಣೆಯ ಮೇಲಿನ ಆರು ಹಂಚು ಮಗುಚಿ ಹೋದವು.

"ಶಾಲೆಗೆ ಬನ್ನಿ ಅಂತ ಕರೆದ್ರೆ ನಮ್ಮನೆಗೆ ಬರ್ತಾವಲ್ಲ!" ಎಂದು ಅವನ ಹೆಂಡತಿ ಕನ್ನಮ್ಮ ರೇಗಿದಳು. "ನೀವು ಅಧ್ಯಕ್ಷರಾದಾಗಿಂದ ಈ ಮನೇಲಿ ಒಂದು ಹಂಚು ನೆಟ್ಟಗಿಲ್ಲ."

ದಾರಿ ತೋರಿಸಿದವಳು ಶ್ರಾವ್ಯಾ. "ಅಪ್ಪಯ್ಯಾ, ಹಣ್ಣನ್ನ ಹಂಚಿನ ಮೇಲೆ ಇಡೂದಲ್ಲ, ಹಂಚಿನ ಅಡಿಗೆ ಇಡ್ಬೇಕು," ಎಂದಳು. ಹಾಗೆಯೇ ಇಡಲಾಯಿತು. ಒಂದೇ ಬೆಳಗ್ಗೆ ಮಂಗಗಳು ಅಭಿಯಾನದ ಎಲ್ಲ ಷರತ್ತುಗಳನ್ನೂ ಪೂರೈಸಿದವು. ಮಾರ್ಚ್ ಹದಿನೆಂಟರಂದು ಮೂರನೇ ತಪಾಸಣೆ ನಡೆದು, ಹತ್ತೊಂಬತ್ತು ಸೋರಿಕೆಗಳು ದಾಖಲಾದವು. ಅಗತ್ಯಕ್ಕಿಂತ ಎಂಟು ಹೆಚ್ಚು ಬಂದದ್ದಕ್ಕೆ ವೆಂಕಟ್ರಮಣ ಷರಾದಲ್ಲಿ 'ತೃಪ್ತಿಕರ' ಎಂದು ಬರೆದರು. ಶಾಲೆ ಅಧಿಕೃತವಾಗಿ ಶಿಥಿಲವಾಯಿತು. ಟೀಚರ್ ಮಕ್ಕಳಿಗೆ ಪೆಪ್ಪರಮಿಂಟು ಹಂಚಿದರು. ಮಾಸ್ತಪ್ಪ ಆ ದಿನ ಎರಡು ಸಲ ಅನ್ನ ಬಡಿಸಿಕೊಂಡು ಉಂಡ.

ಶಿಥಿಲ ಕಟ್ಟಡದಲ್ಲಿ ಮಕ್ಕಳನ್ನು ಕೂರಿಸುವುದು ಅಪರಾಧ. ಆದ್ದರಿಂದ ಇಪ್ಪತ್ನಾಲ್ಕು ಗಂಟೆಯೊಳಗೆ ಮಕ್ಕಳನ್ನು ಬೇರೆ ಕಡೆ ಸಾಗಿಸುವಂತೆ ಆದೇಶವಾಯಿತು. ಊರಿನಲ್ಲಿ ಇಪ್ಪತ್ಮೂರು ಮಕ್ಕಳು ಹಿಡಿಸುವ ಇನ್ನೊಂದು ಜಾಗ ಇದ್ದದ್ದು ಮಾಸ್ತಪ್ಪನ ಕೊಟ್ಟಿಗೆ. ಉದ್ದವಾದ ಕೊಟ್ಟಿಗೆ, ದನ ಎರಡೇ.

"ದನ ಎಲ್ಲಿಗೆ ಹೋಗ್ಲಿ?" ಎಂದು ಕನ್ನಮ್ಮ ಕೇಳಿದಳು.

ಶಾಲೆ ಖಾಲಿ ಇತ್ತು. ಶಿಥಿಲ ಕಟ್ಟಡದಲ್ಲಿ ದನ ಕಟ್ಟಬಾರದೆಂದು ಆದೇಶದಲ್ಲಿ ಎಲ್ಲಿಯೂ ಇರಲಿಲ್ಲ. ಸಂಜೆಯೊಳಗೆ ಮಕ್ಕಳು ಕೊಟ್ಟಿಗೆಗೂ, ಗಂಗೆ ಮತ್ತು ಬೆಳ್ಳಿ ಎಂಬ ಎರಡು ಹಸುಗಳು ಶಾಲೆಗೂ ಸೇರಿದವು. ಬೆಳ್ಳಿ ಮೊದಲ ದಿನವೇ ಗೋಡೆಯಲ್ಲಿದ್ದ ಕರ್ನಾಟಕದ ನಕಾಶೆಯ ಬೀದರ್ ಕಡೆಯ ತುದಿಯನ್ನು ತಿಂದಿತು.

ಅನುದಾನ ಇವತ್ತು ಬಂತು, ನಾಳೆ ಬಂತು ಎಂದು ಏಪ್ರಿಲ್ ಕಳೆಯುತ್ತಾ ಬಂತು. ಕೊನೆಗೆ ಟೀಚರ್ ಮತ್ತು ಮಾಸ್ತಪ್ಪ ಬಸ್ಸು ಹಿಡಿದು ಸಾಗರದ ಕೋಶಕ್ಕೇ ಹೋದರು. ಅಲ್ಲಿಯ ಮೇಲ್ವಿಚಾರಕ ಮಂಜುನಾಥಪ್ಪ ಕಡತ ತೆಗೆದು ನೋಡಿ, ನೇರಲಸರವನ್ನು ಪಟ್ಟಿಯಿಂದ ಕೈಬಿಟ್ಟು ಹದಿನೈದು ದಿನವಾಯಿತು ಎಂದರು.

"ಯಾಕೆ ಸಾರ್?" ಎಂದರು ತನುಜಾ ಟೀಚರ್.

"ನಿಮ್ಮ ಕಟ್ಟಡದಲ್ಲಿ ಮಕ್ಕಳೇ ಇಲ್ವಲ್ಲಮ್ಮ. ಮಕ್ಕಳಿಲ್ಲದ ಶಾಲೆಗೆ ಮಾಡು ಎಂತಕ್ಕೆ?"

"ಮಕ್ಕಳನ್ನ ಬಿಡಿಸ್ಲಿಕ್ಕೆ ಹೇಳಿದ್ದು ನೀವೇ ಅಲ್ವಾ?"

"ಅದು ಸುರಕ್ಷತಾ ವಿಭಾಗ. ಆಚೆ ಟೇಬಲ್ಲು," ಎಂದು ಮಂಜುನಾಥಪ್ಪ ಖಾಲಿ ಕುರ್ಚಿಯೊಂದನ್ನು ತೋರಿಸಿದರು. ಆ ಟೇಬಲ್ಲಿನ ಕೆಲಸವನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ಆದರೆ ಎರಡೂ ಕೆಲಸಗಳನ್ನು ಒಂದೇ ಕುರ್ಚಿಯಲ್ಲಿ ಕುಳಿತು ಮಾಡುವ ಹಾಗಿರಲಿಲ್ಲ.

ಮರಳುವಾಗ ಬಸ್ಸು ಆನಂದಪುರ ದಾಟಿತು. ಮಾಸ್ತಪ್ಪ, "ಟೀಚರೇ, ನನ್ನ ಕೊಟ್ಟಿಗೆಗೆ ಗೋಡೆ ಅರ್ಧ. ಮಳೆ ಹಿಡಿದ್ರೆ ಇರಿಚಲು ಹೊಡೀತದೆ, ಮಕ್ಕಳು ಕೂರೂದು ಕಷ್ಟ. ಶಾಲೆಗೆ ಕರ್ಕೊಂಡು ಹೋದ್ರೆ ತೊಲೆ," ಎಂದ. ಟೀಚರ್ ಕಿಟಕಿಯ ಕಡೆ ಮುಖ ತಿರುಗಿಸಿ ಕಣ್ಣು ಒರೆಸಿಕೊಂಡರು. ಅವನಿಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಹೇಳಲು ಬರದ ಸಿಟ್ಟು.

ಮೇ ಮೊದಲ ವಾರ ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ ಸುಚಿತ್ರಾ ಸ್ಕೂಟಿಯಲ್ಲಿ ಬಂದರು. ಅವರು ಬಂದದ್ದು ಬೇರೆ ಕೆಲಸಕ್ಕೆ. ದನದ ಕೊಟ್ಟಿಗೆ ಯೋಜನೆಯಲ್ಲಿ ಪಂಚಾಯಿತಿಗೆ ಕೊಟ್ಟಿದ್ದ ಗುರಿಗೆ ಇನ್ನೊಂದು ಕೊಟ್ಟಿಗೆ ಕಡಿಮೆ ಬಿದ್ದಿತ್ತು. ತಿಂಗಳೊಳಗೆ ಕಟ್ಟಿ ಮುಗಿಸಬೇಕಿತ್ತು. ಶಾಲೆಯ ಬಾಗಿಲಿನಲ್ಲಿ ಬೆಳ್ಳಿ ಮೆಲುಕು ಹಾಕುತ್ತಾ ನಿಂತಿದ್ದನ್ನು ಕಂಡು ಅವರು ಸ್ಕೂಟಿ ನಿಲ್ಲಿಸಿದರು.

"ಇಲ್ಲಿ ದನ ಕಟ್ತೀರಾ?"

"ಕಟ್ತೀವಿ ಮೇಡಂ. ಆದ್ರೆ ಇದು ಶಾಲೆ," ಎಂದ ಮಾಸ್ತಪ್ಪ.

"ಶಾಲೆ ಅಂತ ಎಲ್ಲಿದೆ? ಪಟ್ಟಿಯಿಂದ ತೆಗ್ದಿದ್ದಾರೆ. ದನ ಇದೆ, ಮಾಡು ಸೋರ್ತದೆ, ಸಾಕು." ಅವರು ಎರಡು ಹಸುಗಳನ್ನೂ ಕಪ್ಪು ಹಲಗೆಯ ಮುಂದೆ ನಿಲ್ಲಿಸಿ ಮೊಬೈಲಿನಲ್ಲಿ ಫೋಟೋ ತೆಗೆದರು. ಆಮೇಲೆ ನಮೂನೆ ಬಿಡಿಸಿ ಒಂದೊಂದೇ ಕಾಲಂ ಓದುತ್ತಾ ಬಂದರು. ಆರನೆಯ ಕಾಲಂ ಓದಿದಾಗ ಮಾಸ್ತಪ್ಪ, "ಇನ್ನೊಂದ್ಸಲ ಓದಿ ಮೇಡಂ," ಎಂದ.

"'ಮೇಲ್ಛಾವಣಿಯ ತೊಲೆಯು ಗೆದ್ದಲು ಹಿಡಿದಿದೆಯೇ? ಹೌದಾದಲ್ಲಿ, ಜಾನುವಾರುಗಳ ಪ್ರಾಣಕ್ಕೆ ಅಪಾಯವಿರುವುದರಿಂದ ತಕ್ಷಣ ಬದಲಿಸತಕ್ಕದ್ದು.'"

ಮಾಸ್ತಪ್ಪ ಕತ್ತಿ ತೆಗೆದು ತೊಲೆಗೆ ಕುಟ್ಟಿದ. ಡಬ್ ಡಬ್ ಎಂದಿತು. ಸುಚಿತ್ರಾ ಗಾಬರಿಯಾಗಿ, "ಅಯ್ಯೋ ಪಾಪ, ಇದರಡಿ ದನ ಹೇಗೆ ಕಟ್ಟಿದ್ರಿ?" ಎಂದು ಗದರಿ, 'ಹೌದು' ಎಂದು ಬರೆದುಕೊಂಡರು. ಅಪ್ಪನ ಪಕ್ಕದಲ್ಲಿ ನಿಂತಿದ್ದ ಶ್ರಾವ್ಯಾ ಬೆಳ್ಳಿಯ ಕಡೆ ನೋಡಿದಳು, ತಾನು ಕೂರುತ್ತಿದ್ದ ಜಾಗದ ಕಡೆಯೂ ನೋಡಿದಳು. ಅವಳೇನೂ ಕೇಳದೇ ಇದ್ದದ್ದು ಮಾಸ್ತಪ್ಪನಿಗೆ ಒಳ್ಳೆಯದೇ ಆಯಿತು. ಕೇಳಿದ್ದರೆ ಅವನು ಎಲ್ಲರೆದುರು ಅತ್ತುಬಿಡುತ್ತಿದ್ದ.

ಹತ್ತೊಂಬತ್ತು ದಿನದಲ್ಲಿ ಕೆಲಸ ಮುಗಿಯಿತು. ಕಬ್ಬಿಣದ ತೊಲೆ ಬಂತು. ಹೊಸ ಹಂಚು ಬಂತು. ಜಾರದ ನೆಲ, ಗಾಳಿಗೆ ಕಿಟಕಿ, ಕುಡಿಯಲು ಶುದ್ಧ ನೀರಿನ ತೊಟ್ಟಿ, ಎಲ್ಲವೂ ಬಂತು. ಶಾಲೆಗೆ ಅರವತ್ತೆಂಟು ವರ್ಷದಲ್ಲಿ ಬರದಿದ್ದ ಫ್ಯಾನು ಕೂಡ ಸೆಕೆಯಲ್ಲಿ ಹಾಲು ಕಡಿಮೆಯಾದೀತೆಂದು ಬಂತು. ಬಾಗಿಲ ಮೇಲೆ 'ಮಾದರಿ ಜಾನುವಾರು ವಸತಿ, ನೇರಲಸರ' ಎಂಬ ಫಲಕ ಏರಿತು.

ಮೇ ಕೊನೆಯಲ್ಲಿ ಶಾಲೆ ಶುರುವಾದಾಗ, ಮಕ್ಕಳನ್ನು ಅಲ್ಲಿ ಕೂರಿಸಬಹುದೇ ಎಂದು ಟೀಚರ್ ಕೈಮುಗಿದು ಕೇಳಿದರು. ಸುಚಿತ್ರಾ ನಿಯಮ ಓದಿದರು. ದನಗಳು ಮತ್ತು ದನ ನೋಡಿಕೊಳ್ಳುವವರನ್ನು ಹೊರತುಪಡಿಸಿ ಯಾರಿಗೂ ಒಳಗೆ ಪ್ರವೇಶವಿಲ್ಲ. ಆಮೇಲೆ ಹಾಳೆಯನ್ನು ಇನ್ನೊಮ್ಮೆ ತಿರುವಿ ನೋಡಿ, "ನೋಡಿಕೊಳ್ಳುವವರು ಎಷ್ಟು ಜನ ಇರ್ಬೇಕು ಅಂತ ನಿಯಮದಲ್ಲಿ ಇಲ್ಲ," ಎಂದರು.

ಹೀಗೆ ಇಪ್ಪತ್ಮೂರು ಮಕ್ಕಳೂ ಗಂಗೆ ಮತ್ತು ಬೆಳ್ಳಿಯ ಪಾಲಕರೆಂದು ನೋಂದಾಯಿತರಾಗಿ ತಮ್ಮ ಶಾಲೆಗೆ ಮರಳಿದರು. ತನುಜಾ ಟೀಚರ್ ಮುಖ್ಯ ಪಾಲಕಿ. ಹಸುಗಳು ಹಿಂದಿನ ಸಾಲಿನಲ್ಲಿ ನಿಲ್ಲುತ್ತವೆ. ದಿನಾ ಹತ್ತು ಗಂಟೆಗೆ ಅವುಗಳ ಫೋಟೋ ಪಂಚಾಯಿತಿಗೆ ಹೋಗಬೇಕು. ಹಸು ಗೈರುಹಾಜರಾದರೆ ಪಾಲಕರು ಕಟ್ಟಡ ತೆರವು ಮಾಡಬೇಕು. ಆದ್ದರಿಂದ ಹಾಜರಿ ಕೂಗುವಾಗ ಮೊದಲು ಗಂಗೆ, ಆಮೇಲೆ ಬೆಳ್ಳಿ, ಆಮೇಲೆ ಮಕ್ಕಳು. ಮಕ್ಕಳ ಪ್ರಗತಿಯನ್ನು ತಿಂಗಳ ವರದಿಯಲ್ಲಿ ಲೀಟರಿನಲ್ಲಿ ಬರೆಯಲಾಗುತ್ತಿದೆ. ಜೂನ್ ವರದಿ ಚೆನ್ನಾಗಿದೆ.

ಆಷಾಢದ ಮಳೆ ಹುಯ್ಯತೊಡಗಿದ ದಿನ ಮಾಸ್ತಪ್ಪ ಅಭ್ಯಾಸಬಲದಿಂದ ಶಾಲೆಗೆ ಓಡಿಬಂದ. ಒಳಗೆ ಮಗ್ಗಿ ನಡೆಯುತ್ತಿತ್ತು. ಬೆಂಚು ಹತ್ತಿ ತೊಲೆಗೆ ಕುಟ್ಟಿದ. ಠಣ್ ಎಂದಿತು. ಅವನಿಗೆ ಖುಷಿಯಾಯಿತು. ಹಂಚು ಕೂರಿಸಲು ಮಾತ್ರ ಇನ್ನು ಅವನಿಗೆ ಅನುಮತಿಯಿಲ್ಲ.

ಅದೇ ಹೊತ್ತಿಗೆ ಪಕ್ಕದೂರಿನ ಕುಮುದಾ ಮಗನ ಕೈ ಹಿಡಿದು, ಕೊಡೆ ಮಡಚುತ್ತಾ ಜಗಲಿ ಹತ್ತಿದಳು. ಒಂದನೇ ತರಗತಿಗೆ ಸೇರಿಸಬೇಕಿತ್ತು. ಟೀಚರು ಎಷ್ಟು ಜನ, ಊಟ ಹೇಗೆ ಎಂದು ಅವಳು ಕೇಳಲಿಲ್ಲ.

"ದನ ಎಷ್ಟಿದಾವೆ?" ಎಂದು ಕೇಳಿದಳು.

"ಎರಡು," ಎಂದರು ಟೀಚರ್. "ಬೆಳ್ಳಿ ಗಬ್ಬ ಇದೆ. ಮೂರಾದ್ರೆ ಇನ್ನೊಂದು ಕೋಣೆ ಮಂಜೂರಾಗ್ತದೆ."

ಕುಮುದಾ ಒಳಗೆ ಇಣುಕಿ, ಬೆಳ್ಳಿಯ ಹೊಟ್ಟೆಯನ್ನು ನೋಡಿ, ಸಮಾಧಾನವಾಗಿ ಅರ್ಜಿಗೆ ರುಜು ಹಾಕಿದಳು.