ತೋಳದ ಮೇಲೆ ಒಂದು ಕಣ್ಣು

ಪಂಚಾಯತಿ ಗ್ರಂಥಾಲಯ ನೋಡಿಕೊಳ್ಳುವ ನನ್ನಂಥವಳಿಗೆ ವಾರಕ್ಕೊಂದು ತಮಾಷೆ ತಪ್ಪಿದ್ದಲ್ಲ. ಹೊನ್ನಾವರದ ಹತ್ತಿರದ ನಮ್ಮ ಕಾಸರಕೋಡಿನವರು ಪೇಪರ್ ಓದುತ್ತಾರೆ, ನಂಬುವುದಿಲ್ಲ. ಕಾದಂಬರಿ ಒಯ್ಯುವ ಮೊದಲು ಕೊನೆಯ ಪುಟ ಇದೆಯೋ ಇಲ್ಲವೋ ಎಂದು ತಿರುಗಿಸಿ ನೋಡಿಯೇ ರಿಜಿಸ್ಟರಿಗೆ ಸಹಿ ಹಾಕುತ್ತಾರೆ. ನಾನೂ ಕಡಿಮೆಯವಳಲ್ಲ. ಧಾರೇಶ್ವರದಿಂದ ಬಸ್ಸಿಗೆ ಬರುವಾಗ ಕಂಡಕ್ಟರ್ ಸುಮ್ಮನೆ ನಕ್ಕರೂ, ಯಾಕೆ ನಕ್ಕ ಎಂದು ಶರಾವತಿ ಸೇತುವೆ ದಾಟುವ ತನಕ ಯೋಚಿಸುವವಳು.

ಹೋದ ವರ್ಷ ಗ್ರಂಥಾಲಯಕ್ಕೆ ಒಂದು ದೊಡ್ಡ ಟಿವಿ ಬಂತು. ಶನಿವಾರ ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಒಂದು ಕಾರ್ಟೂನ್ ಸಿನೆಮಾ ಹಾಕಲು ಶುರು ಮಾಡಿದೆ. ಅದಕ್ಕೂ ಮೊದಲು ಶನಿವಾರ ಮಧ್ಯಾಹ್ನ ಅಲ್ಲಿ ನಾನು ಮತ್ತು ಫ್ಯಾನು, ಇಬ್ಬರೇ. ಈಗ ಕಾಲಿಡಲು ಜಾಗವಿಲ್ಲ, ಹೋಗುವಾಗ ಮಕ್ಕಳು ಪುಸ್ತಕವನ್ನೂ ಒಯ್ಯುತ್ತವೆ. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆದರೆ ನಮ್ಮ ಪಂಚಾಯತಿ ಮೆಂಬರಿಗೆ ಆ ಟಿವಿಯ ಮೇಲೆ ಮೊದಲ ದಿನದಿಂದಲೇ ಕಣ್ಣು. "ಒಂದು ದೂರು ಬರ್ಲಿ ಅಕ್ಕೋರೆ, ಟಿವಿ ಸೀದಾ ಮೀಟಿಂಗ್ ಹಾಲಿಗೆ" ಎಂದು ಹೇಳಿಯೇ ಇಟ್ಟಿದ್ದರು.

ಸಿನೆಮಾದ ಕತೆ ಇಷ್ಟು. ತಾಯಿ ಆಡು ಸಂತೆಗೆ ಹೋಗಬೇಕು. ಏಳು ಮರಿಗಳನ್ನು ನೋಡಿಕೊಳ್ಳಲು ಊರಲ್ಲಿ ಯಾರೂ ಸಿಗದೆ ಕೊನೆಗೆ ಒಂದು ತೋಳವನ್ನೇ ಕರೆದು ಕೂರಿಸುತ್ತದೆ. ತೋಳಕ್ಕೆ ಬಾಯಲ್ಲಿ ನೀರು, ಆದರೆ ತಿನ್ನಲು ಪುರುಸೊತ್ತಿಲ್ಲ. ಒಂದರ ಮೂಗು ಒರೆಸುವಷ್ಟರಲ್ಲಿ ಇನ್ನೊಂದು ಬಾವಿಕಟ್ಟೆ ಹತ್ತಿರುತ್ತದೆ. ಇದು ಎಷ್ಟು ಓಡಿತೆಂದರೆ ನಾಲ್ಕು ಭಾಗ ಬಂದಿವೆ. ಮೊದಲ ಭಾಗದಲ್ಲಿ ಎರಡು ಸಲ ಕೂಗಿ ಹೋದ ಹುಂಜಕ್ಕೇ ಬೇರೆ ಸಿನೆಮಾ ಆಗಿದೆ.

ಉಳಿದದ್ದು ಎಲ್ಲಿ?

ಮೊದಲ ಭಾಗ ಹಾಕಿದ ದಿನ ಮೀನು ಒಣಗಿಸುವ ಅಜ್ಜಿಯೊಬ್ಬಳು ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದಳು. ಒಳಗೆ ಬರಲಿಲ್ಲ. ಕಿಟಕಿಯ ಸರಳು ಹಿಡಿದು ಕೊನೆಯ ತನಕ ನೋಡಿದಳು. ಸಿನೆಮಾ ಮುಗಿದು ಮಕ್ಕಳು ಎದ್ದರೂ ಸರಳು ಬಿಡಲಿಲ್ಲ.

"ಅಕ್ಕೋರೆ, ಉಳ್ದದ್ದು ಎಲ್ಲಿ?"

"ಮುಗೀತಲ್ಲ ಅಜ್ಜಿ."

"ಮುಗಿಯೂದು ಹ್ಯಾಂಗೆ? ತೋಳ ಮರಿ ತಿನ್ಲೇ ಇಲ್ಲ. ಮಕ್ಕಳು ಹೆದರ್ತಾವೆ ಹೇಳಿ ತಿಂದದ್ದನ್ನ ನೀವೇ ತೆಗ್ದಿದ್ರಿ ಕಾಣ್ತದೆ."

"ನಾನೆಂತದೂ ತೆಗೀಲಿಲ್ಲ ಅಜ್ಜಿ. ಅದು ಒಳ್ಳೇ ತೋಳ."

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. "ನಿಮಗೆ ವರ್ಷ ಎಷ್ಟಾತು?"

"ಮೂವತ್ತೊಂಬತ್ತು."

"ಮತ್ತೆ?" ಎಂದಳು.

ಹಾಜರಿ

ಮುಂದಿನ ಶನಿವಾರ ಎರಡನೆಯ ಭಾಗ. ಅಜ್ಜಿ ಈ ಸಲ ಒಳಗೆ ಬಂದು ಮುಂದಿನ ಸಾಲಲ್ಲೇ ಕೂತಳು. ದಿನಾ ಪೇಪರ್ ಓದಲು ಬರುವ ನಿವೃತ್ತ ಮಾಸ್ತರ್ರಿಗೆ ಅವಳ ಸಂಶಯ ಅಂಟಿತ್ತು. ಅವರು ಒಂದು ಹಾಳೆಗೆ ಗೆರೆ ಎಳೆದುಕೊಂಡು, ಏಳು ಮರಿಗಳ ಹೆಸರು ಬರೆದು, ಪ್ರತಿ ದೃಶ್ಯಕ್ಕೂ ಹಾಜರಿ ಹಾಕತೊಡಗಿದರು.

"ನಿಲ್ಸಿ ಅಕ್ಕೋರೆ! ಆರೇ ಇವೆ."

ನಿಲ್ಲಿಸಿದೆ, ಸಿನೆಮಾ ಹಿಂದಕ್ಕೆ ಓಡಿಸಿದೆ. ಏಳನೆಯದು ಕಪಾಟಿನ ಹಿಂದೆ ನಿಂತು ಬೆಲ್ಲ ತಿನ್ನುತ್ತಿತ್ತು. ಹೀಗೆ ಇಪ್ಪತ್ತು ಸಲ ಆಯಿತು. ಒಂದೂವರೆ ತಾಸಿನ ಸಿನೆಮಾ ಮುಗಿಯಲು ಮೂರು ತಾಸು. ನನ್ನ ಬಸ್ಸು ತಪ್ಪಿತು. ನನಗೆ ಸಿಟ್ಟು ಬಂದು, "ಈಗಾದ್ರೂ ನಂಬಿಕೆ ಬಂತಾ ಮಾಸ್ತರ್ರೆ? ನಿಮ್ಮ ಹಾಜರಿಯಲ್ಲೇ ಏಳಕ್ಕೆ ಏಳೂ ಹಾಜರ್ ಅಲ್ದಾ?" ಎಂದೆ.

ಮಾಸ್ತರ್ರು ಹಾಳೆ ಮಡಚಿ ಜೇಬಿಗೆ ಹಾಕಿಕೊಂಡರು. "ಹಾಜರಿ ಪುಸ್ತಕ ಒಂದನ್ನ ನಂಬ್ಬೇಡಿ. ಇಡೀ ಜನ್ಮ ಅದನ್ನ ಬರ್ದವ ನಾನು."

ಹುಂಜ

ನಡುವೆ ಒಂದು ಬದಲಾವಣೆ ಇರಲಿ ಎಂದು ಹುಂಜದ ಸಿನೆಮಾ ಹಾಕಿದೆ. ಹುಂಜ ದೋಣಿ ಹತ್ತಿ ದೇಶ ದೇಶ ಸುತ್ತುತ್ತದೆ, ಕಳ್ಳರನ್ನು ಹಿಡಿಯುತ್ತದೆ. ಮಕ್ಕಳು ಬಿದ್ದು ಬಿದ್ದು ನಕ್ಕವು. ಆಗಲೇ ಅಜ್ಜಿಯ ಹಿಂದೆ ಮೀನು ಒಣಗಿಸುವ ಇನ್ನೂ ಐದಾರು ಹೆಂಗಸರು ಬರುತ್ತಿದ್ದರು. ಅವರಲ್ಲೊಬ್ಬರೂ ನಗಲಿಲ್ಲ. ತೋಳ ಒಂದು ಸಲವೂ ಕಾಣಲಿಲ್ಲವಲ್ಲ, ಅದೇ ಚಿಂತೆ.

"ಇದು ಹುಂಜದ ಕತೆ, ಇದ್ರಲ್ಲಿ ತೋಳ ಇಲ್ಲ" ಎಂದು ತಿಳಿಸಿ ಹೇಳಿದೆ.

"ಅದೇ ಕೇಳ್ತಾ ಇದ್ದೆ" ಎಂದಳು ಅಜ್ಜಿ. "ಆ ಮನೇಲಿ ದೊಡ್ಡ ಬಾಯಿ ಇದ್ದದ್ದು ಹುಂಜ ಒಂದಕ್ಕೇ. ಅದನ್ನ ದೋಣಿ ಹತ್ಸಿ ದೂರ ಕಳ್ಸಿದ್ದು ಎಂತಕೆ? ಸಾಕ್ಷಿ ಇರ್ಬಾರ್ದು ಹೇಳಿ!"

ಅವತ್ತು ಬಸ್ಸಿನಲ್ಲಿ ಸೇತುವೆ ದಾಟಿದ ಮೇಲೂ ನನಗೆ ಅದೇ ಯೋಚನೆ. ಹುಂಜವನ್ನು ಕಳಿಸಿದ್ದು ಯಾಕೆ?

ಕಾವಲು

ಮೂರನೆಯ ಭಾಗ ನೋಡಿದ ಮರುದಿನ ಅಜ್ಜಿ ಬಂಗಡೆ ಮೀನು ಒಣಹಾಕಿ, ಮೊಮ್ಮಗಳನ್ನು ಕಾವಲಿಗೆ ಕೂರಿಸಿ, ಹೊನ್ನಾವರ ಪೇಟೆಗೆ ಹೋಗಿದ್ದಳು. ಹುಡುಗಿಗೆ ಆಡಲು ಹೋಗಬೇಕು. ತೋಳ ಮರಿ ಕಾಯುತ್ತದಾದರೆ ನಾಯಿ ಮೀನು ಕಾಯಲಾರದೇ? ಬೀದಿ ನಾಯಿಯೊಂದನ್ನು ಕರೆದು, ಚೆನ್ನಾಗಿ ಬುದ್ಧಿ ಹೇಳಿ, ಮೀನಿನ ಹತ್ತಿರ ಕೂರಿಸಿ ಹೋದಳು.

ಸಂಜೆ ಅಜ್ಜಿ ಕೆಂಡವಾಗಿ ಗ್ರಂಥಾಲಯಕ್ಕೆ ಬಂದಳು. ಮೆಂಬರೂ ಅಲ್ಲೇ ಇದ್ದರು, ನನ್ನ ಗ್ರಹಚಾರ.

"ಅರ್ಧ ಮೀನು ಹೋತು!"

"ನಾಯಿ ತಿಂತಾ ಅಜ್ಜಿ?" ಎಂದೆ, ಜೀವ ಕೈಯಲ್ಲಿ ಹಿಡಿದುಕೊಂಡು.

"ನಾಯಿ ತಿಂದಿದ್ರೆ ನಂಗೆ ಬೇಜಾರಿಲ್ಲಾಗಿತ್ತು. ನಾ ಹೇಳಿದ್ದು ಖರೇ ಆತು ಹೇಳಿ ಆಗ್ತಿತ್ತು. ಆ ಮುಂಡೇದು ಮುಟ್ಲೇ ಇಲ್ಲ. ಪಕ್ಕದಲ್ಲೇ ಮಲಗಿ ಗೊರಕೆ ಹೊಡೀತು. ತಿಂದದ್ದು ಕಾಗೆ!"

ಮೆಂಬರಿಗೆ ಕಾಗೆಯಾದರೇನು, ನಾಯಿಯಾದರೇನು? "ದೂರು ಬಂತಲ್ಲ ಅಕ್ಕೋರೆ" ಎಂದು ಹಲ್ಲು ಕಿರಿದರು. "ಶನಿವಾರ ಗಾಡಿ ತರ್ತೆ. ಟಿವಿ ಬಿಚ್ಚಿಡಿ."

ಆ ವಾರ ನನಗೆ ಅನ್ನ ಸೇರಲಿಲ್ಲ. ಮತ್ತೆ ನಾನು ಮತ್ತು ಫ್ಯಾನು.

ಅರ್ಜಿ

ಶನಿವಾರ ಮೆಂಬರು ಗೂಡ್ಸ್ ರಿಕ್ಷಾ ತಂದು ಬಾಗಿಲಿಗೆ ನಿಲ್ಲಿಸಿದರು. ಹಿಂದೆಯೇ ಅಜ್ಜಿ, ಆರು ಹೆಂಗಸರು, ಮಾಸ್ತರ್ರು. ಮಾಸ್ತರ್ರ ಕೈಯಲ್ಲೊಂದು ಅರ್ಜಿ, ಕೆಳಗೆ ಸಾಲಾಗಿ ಸಹಿ, ಹೆಬ್ಬೆಟ್ಟು. ಇದು ನನ್ನನ್ನೇ ಕೆಲಸದಿಂದ ತೆಗೆಯುವ ಅರ್ಜಿ ಎಂದುಕೊಂಡು ನಾನು ಗ್ರಂಥಾಲಯದ ಬೀಗದಕೈ ತೆಗೆದು ಮೇಜಿನ ಮೇಲಿಟ್ಟೆ. ಮೆಂಬರು ಖುಷಿಯಿಂದ ಇಸಿದುಕೊಂಡು ಜೋರಾಗಿ ಓದಿದರು.

"ಸದರಿ ತೋಳವು ಮೂರು ಭಾಗಗಳಲ್ಲಿ ಒಳ್ಳೆಯದೆಂಬಂತೆ ನಟಿಸಿದ್ದು, ಅದರ ನಿಜಬಣ್ಣ ಬಯಲಾಗುವ ತನಕ ಗ್ರಾಮಸ್ಥರು ಅದರ ಮೇಲೆ ಕಣ್ಣಿಡುವುದು ಅಗತ್ಯವಿರುವುದರಿಂದ, ಟಿವಿಯನ್ನು ಇದ್ದಲ್ಲಿಂದ ಕದಲಿಸಬಾರದಾಗಿ ವಿನಂತಿ."

ಮೆಂಬರ ಧ್ವನಿ ಕೊನೆಗೆ ಬರುವಷ್ಟರಲ್ಲಿ ಇಳಿದಿತ್ತು. "ಎಂತ ಅಜ್ಜಿ ಇದು? ದೂರು ಕೊಟ್ಟದ್ದು ನೀವೇ ಅಲ್ದಾ?"

"ದೂರು ಕೊಟ್ಟದ್ದು ಕಾಗೆ ಮೇಲೆ. ಅಲ್ಲ ತಮ್ಮಾ, ಕಾವಲು ತೆಗೀಲಿಕ್ಕೆ ನಿಂಗೆ ಎಂತಕೆ ಇಷ್ಟು ಅವಸರ? ಆ ತೋಳಕ್ಕೂ ನಿಂಗೂ ಎಂತ ಸಂಬಂಧ?"

ಹೆಂಗಸರೆಲ್ಲ ಒಟ್ಟಿಗೆ ತಿರುಗಿ ಮೆಂಬರನ್ನು ನೋಡಿದರು. ಮಾಸ್ತರ್ರು ಹಾಜರಿ ಹಾಳೆ ತೆಗೆದರು. ಮೆಂಬರು ರಿಕ್ಷಾದವನಿಗೆ ಹೋಗು ಎಂದು ಕೈಸನ್ನೆ ಮಾಡಿ, ಹಿಂದಿನ ಬೆಂಚಿನಲ್ಲಿ ಕೂತರು.

ನಾಲ್ಕನೆಯ ಭಾಗ ಹಾಕಿದೆ. ಕೊನೆಗೆ ತೋಳ ಏಳೂ ಮರಿಗಳಿಗೆ ಕಂಬಳಿ ಹೊದಿಸಿ, ತಾನು ಬಾಗಿಲಲ್ಲಿ ಮಲಗಿತು. ಸಿನೆಮಾ ಮುಗಿಯಿತು.

ನನಗೆ ಧೈರ್ಯ ಬಂದಿತ್ತು. ಎದ್ದು ನಿಂತು, "ನೋಡಿ ಅಜ್ಜಿ, ತಿನ್ಲಿಲ್ಲ! ಈಗೆಂತ ಹೇಳ್ತ್ರಿ?" ಎಂದೆ.

ಅಜ್ಜಿ ಸೆರಗು ಕೊಡವಿ ಎದ್ದಳು. "ಹ್ಯಾಂಗೆ ತಿಂತದೆ? ನಾವಿಷ್ಟು ಜನ ನೋಡ್ತಾ ಇದ್ವಲ್ಲ! ಟಿವಿ ತೆಗ್ದು ನೋಡಿ, ಏಳೂ ಇರೂದಿಲ್ಲ."